ಏರಿಯಾ ಒಂದೇ, ಮೂರು ಭಾಗ ಮೂರು ಥರ: ಬಾಡಿಗೆಗೆ ಯಾವ ಕಡೆ ನೋಡಲಿ?

ಗಂಟುಮೂಟೆ
ಎಲ್ಲರಿಗೂ ನಮಸ್ಕಾರ. ಎರಡು ತಿಂಗಳಲ್ಲಿ ನಾವು ಮನೆ ಖಾಲಿ ಮಾಡಬೇಕು. ನಾನು, ನನ್ನ ಗಂಡ, ನಾಲ್ಕು ವರ್ಷದ ಮಗಳು, ಜೊತೆಗೆ ಅತ್ತೆ. ಅತ್ತೆಗೆ ಮಂಡಿನೋವು, ಮೆಟ್ಟಿಲು ಹತ್ತೋದು ಕಷ್ಟ. ಏರಿಯಾ ಯಾವುದು ಅನ್ನೋದು ಆಗಲೇ ತೀರ್ಮಾನವಾಗಿದೆ. ಗಂಡನ ಆಫೀಸು, ಮಗಳ ಶಾಲೆ ಎರಡೂ ಅಲ್ಲಿಗೆ ಹತ್ತಿರ. ಆದರೆ ಹೆಸರಿಗೆ ಮಾತ್ರ ಅದು ಒಂದು ಏರಿಯಾ. ಒಳಗೆ ಹೋದರೆ ಮೂರು ಬೇರೆ ಬೇರೆ ಊರಿದ್ದ ಹಾಗಿದೆ.

ಮೊದಲನೆಯದು ಸ್ಟೇಷನ್ ಕಡೆ. ಐದಾರು ವರ್ಷದಲ್ಲಿ ಎದ್ದ ಎತ್ತರದ ಕಟ್ಟಡಗಳು, ಲಿಫ್ಟು, ಸೆಕ್ಯುರಿಟಿ, ಕೆಳಗೆ ಕೆಫೆ, ಜಿಮ್. ಬಾಡಿಗೆ ಮೂರರಲ್ಲೂ ಜಾಸ್ತಿ ಇಲ್ಲೇ. ಎರಡನೆಯದು ನಡುವಿನ ಹಳೆ ಬೀದಿಗಳು. ಒಂದೆರಡು ಮಹಡಿಯ ಮನೆಗಳು, ಟೈಲರ್, ಸೈಕಲ್ ರಿಪೇರಿ, ಚಿಕ್ಕಚಿಕ್ಕ ಅಂಗಡಿಗಳು. ನಾಲ್ಕೈದು ಮನೆಗೊಂದನ್ನು ಕೆಡವಿ ಹೊಸದು ಕಟ್ಟುತ್ತಿದ್ದಾರೆ. ಮೂರನೆಯದು ರೈಲು ಹಳಿಯ ಆಚೆ. ಮೊದಲು ಗೋಡೌನು, ವರ್ಕ್‌ಶಾಪು ಇದ್ದ ಜಾಗ. ಈಗ ಅಲ್ಲೊಂದು ಇಲ್ಲೊಂದು ಅಪಾರ್ಟ್‌ಮೆಂಟು, ಹಳೆ ಗೋಡೆಗಳ ಮೇಲೆ ಬಣ್ಣಬಣ್ಣದ ಚಿತ್ರ. ಬಾಡಿಗೆ ಅಲ್ಲೇ ಕಡಿಮೆ. ‘ಇನ್ನೆರಡು ವರ್ಷ ನೋಡಿ, ಇದೇ ನಂಬರ್ ಒನ್ ಆಗುತ್ತೆ’ ಅಂತಾರೆ ಬ್ರೋಕರ್.

ಇಂಥ ಬದಲಾಗ್ತಿರೋ ಏರಿಯಾದಲ್ಲಿ ಇದ್ದವರು, ಇದ್ದು ಬಿಟ್ಟವರು ಹೇಳಿ. ಸಹಿ ಹಾಕೋ ಮೊದಲು ಏನೇನು ನೋಡಬೇಕು? ಒಂದ್ಸಲ ಫೋಟೋ ನೋಡಿ ಮನೆ ಹಿಡಿದು ಪಟ್ಟ ಪಾಡು ಸಾಕಾಗಿದೆ.

ನಾಲ್ಕನೇ_ಮನೆ
ಬ್ರೋಕರ್ ಹೇಳ್ತಿರೋದು ಮನೆ ಕೊಳ್ಳೋರಿಗೆ ಹೇಳೋ ಮಾತು. ಏರಿಯಾ ನಂಬರ್ ಒನ್ ಆದರೆ ಬಾಡಿಗೆಯವರಿಗೆ ಏನು ಬಂತು? ಆ ಎರಡು ವರ್ಷದ ಧೂಳು, ಗದ್ದಲ ನಿಮಗೆ. ಏರಿದ ಬೆಲೆ ಓನರ್‌ಗೆ. ಎಲ್ಲಾ ಸರಿಹೋಗೋ ಹೊತ್ತಿಗೆ ನಿಮ್ಮ ಅಗ್ರಿಮೆಂಟ್ ಮುಗಿದಿರುತ್ತೆ.

ರಾತ್ರಿಪಾಳಿ
ಹಗಲು ಹನ್ನೊಂದು ಗಂಟೆಗೆ ಮನೆ ತೋರಿಸ್ತಾರೆ. ಆ ಹೊತ್ತಲ್ಲಿ ಎಲ್ಲಾ ಬೀದಿನೂ ಒಳ್ಳೇ ಬೀದಿನೇ.

ನಾನು ಆಸ್ಪತ್ರೆಯಲ್ಲಿ ನರ್ಸ್. ತಿಂಗಳಲ್ಲಿ ಅರ್ಧ ದಿನ ಹಗಲು ನಿದ್ದೆ. ನಿಮ್ಮ ಮೊದಲನೇ ಭಾಗದಂಥದ್ದೇ ಜಾಗದಲ್ಲಿ ಹೊಸ ಕಟ್ಟಡದ ಎರಡನೇ ಮಹಡಿ ಹಿಡಿದಿದ್ದೆ. ಮನೆ ಚೆನ್ನಾಗಿತ್ತು, ಸುಳ್ಳು ಹೇಳಲ್ಲ. ಆದರೆ ಮಲಗೋ ಕೋಣೆಯ ಕಿಟಕಿ ಕೆಳಗೇ ಹೋಟೆಲ್ ಅಡುಗೆಮನೆಯ ಎಕ್ಸಾಸ್ಟ್ ಫ್ಯಾನ್. ಮನೆ ನೋಡೋಕೆ ಹೋದ ದಿನ ಅವರ ರಜೆ. ಬೆಳಿಗ್ಗೆ ಎಂಟಕ್ಕೆ ಶುರುವಾದರೆ ರಾತ್ರಿ ಹನ್ನೆರಡೂವರೆವರೆಗೂ ಗುಂಯ್ ಅಂತ ಒಂದೇ ಸಮ. ಕಿಟಕಿ ಮುಚ್ಚಿದರೂ ಮಂಚದ ಮೇಲೆ ಕೈಯಿಟ್ಟರೆ ಅದುರು ಗೊತ್ತಾಗ್ತಿತ್ತು. ಹನ್ನೊಂದು ತಿಂಗಳು ತಳ್ಳಿದೆ.

ಆದ್ದರಿಂದ ಮೂರು ಸಲ ಹೋಗಿ ಅಕ್ಕ. ಬೆಳಿಗ್ಗೆ ಶಾಲೆ ಹೊತ್ತಿಗೆ ಒಂದು ಸಲ, ರಾತ್ರಿ ಹತ್ತೂವರೆಗೆ ಒಂದು ಸಲ, ಶನಿವಾರ ಅಥವಾ ಭಾನುವಾರ ಒಂದು ಸಲ. ಮನೆ ಒಳಗೆ ಬಿಡದಿದ್ದರೂ ಪರವಾಗಿಲ್ಲ. ಕಿಟಕಿ ಕೆಳಗೆ ಹತ್ತು ನಿಮಿಷ ಸುಮ್ನೆ ನಿಂತ್ಕೊಳ್ಳಿ.

ಕಿವಿಗೊಡಿ
ರಾತ್ರಿಪಾಳಿ ಮೇಡಂ ಹೇಳಿದ್ದಕ್ಕೆ ಇನ್ನೊಂದು ಮಾತು. ಫೋನಲ್ಲಿ ಸದ್ದು ಅಳೆಯೋ ಆ್ಯಪ್ ಹಾಕ್ಕೊಂಡು ಹೋಗಿ. ಅದರ ಲೆಕ್ಕ ಪೂರ್ತಿ ಸರಿ ಇರಲ್ಲ, ಆದರೆ ಅದೇ ಫೋನಲ್ಲಿ ಎರಡು ಮನೆ ಹೋಲಿಸಿ ನೋಡೋಕೆ ಸಾಕು. ವಿಶ್ವ ಆರೋಗ್ಯ ಸಂಸ್ಥೆ 2018ರಲ್ಲಿ ಯುರೋಪಿಗೆ ಕೊಟ್ಟ ಸಲಹೆಯಲ್ಲಿ, ರಾತ್ರಿ ರಸ್ತೆಯ ಸದ್ದು ಸರಾಸರಿ 45 ಡೆಸಿಬಲ್‌ಗಿಂತ ಕಡಿಮೆ ಇರಬೇಕು ಅಂತಿದೆ. ಹತ್ತು ಡೆಸಿಬಲ್ ಏರಿದರೆ ಕಿವಿಗೆ ಹೆಚ್ಚುಕಡಿಮೆ ಎರಡು ಪಟ್ಟು ಜೋರು ಅನ್ನಿಸುತ್ತೆ. ಹಾಗಾಗಿ 45, 55 ಅನ್ನೋದು ಸಣ್ಣ ವ್ಯತ್ಯಾಸ ಅಂದ್ಕೋಬೇಡಿ.

ಹಳಿ ಆಚೆ ಮನೆ ನೋಡೋದಾದರೆ ಬರೀ ಸರಾಸರಿ ನೋಡಿದರೆ ಆಗಲ್ಲ. ಗೂಡ್ಸ್ ಗಾಡಿ ರಾತ್ರಿ ಎರಡಕ್ಕೆ ಒಂದೇ ಸಲ ಹೋದರೂ ನಿದ್ದೆ ಹಾಳಾಗೋಕೆ ಅಷ್ಟೇ ಸಾಕು.

ನಾಲ್ಕನೇ_ಮನೆ
ಅಯ್ಯೋ, ರೈಲಿನ ಸದ್ದು ಒಂದು ವಾರದಲ್ಲಿ ರೂಢಿ ಆಗುತ್ತೆ. ನನಗೆ ಆಯ್ತು. ರೂಢಿ ಆಗದೇ ಇದ್ದದ್ದು ಪಕ್ಕದ ಸೈಟಲ್ಲಿ ಕಲ್ಲು ಕೊರೆಯೋ ಸದ್ದು.

ಕಿವಿಗೊಡಿ
ನಿಮಗೆ ರೂಢಿ ಆಯ್ತು ಸರ್. ನಾಲ್ಕು ವರ್ಷದ ಮಗುಗೂ ಆಗುತ್ತೆ ಅಂತ ಹೇಗೆ ಹೇಳ್ತೀರಿ?

ಗಾರೆಕೆಲಸ
ನಾನು ಹದಿನೆಂಟು ವರ್ಷದಿಂದ ಕಟ್ಟಡ ಕಟ್ಟಿಸೋ ಕೆಲಸದಲ್ಲಿದ್ದೀನಿ. ಇಂಥ ಏರಿಯಾದಲ್ಲಿ ಮನೆ ನೋಡುವಾಗ ಮೊದಲು ಆ ಮನೆಯ ಎಡಕ್ಕೆ, ಬಲಕ್ಕೆ, ಹಿಂದಕ್ಕೆ, ಎದುರಿಗೆ ಏನಿದೆ ನೋಡಿ. ಪಕ್ಕದಲ್ಲಿ ಒಂದೇ ಮಹಡಿಯ ಹಳೆ ಮನೆ ಬೀಗ ಹಾಕಿದ್ದರೆ, ಕರೆಂಟ್ ಕನೆಕ್ಷನ್ ಕಿತ್ತಿದ್ದರೆ, ಕಿಟಕಿ ಬಾಗಿಲು ಬಿಚ್ಚಿಕೊಂಡು ಹೋಗಿದ್ದರೆ, ಅದು ಇವತ್ತೋ ನಾಳೆಯೋ ಬೀಳುತ್ತೆ. ಆಮೇಲೆ ಒಂದೂವರೆ ಎರಡು ವರ್ಷ ನಿಮ್ಮ ಮನೆಗೆ ಬಿಸಿಲೂ ಇಲ್ಲ, ನೆಮ್ಮದಿಯೂ ಇಲ್ಲ. ಹೊಸದಾಗಿ ಕಟ್ಟಿ ಮುಗಿಸಿದ ಕಟ್ಟಡದ ಪಕ್ಕದ ಹಳೆ ಮನೆ ಸಿಕ್ಕಿದರೆ ಒಳ್ಳೇದು. ಆ ಕಡೆಯ ಗಲಾಟೆ ಮುಗಿದಿರುತ್ತೆ.

ಹಳೆ ಮನೆಗೆ ಹೊಸ ಬಣ್ಣ ಬಳಿದಿದ್ದರೆ ಮೂಗನ್ನ ನಂಬಿ, ಕಣ್ಣನ್ನ ಬೇಡ. ಗೋಡೆಯೊಳಗಿನ ಬೀರು ಬಾಗಿಲು ತೆಗೆದು ತಲೆ ಒಳಗಿಟ್ಟು ವಾಸನೆ ನೋಡಿ. ಒದ್ದೆ ಬಟ್ಟೆ ಮುಚ್ಚಿಟ್ಟ ವಾಸನೆ ಬಂದರೆ ಗೋಡೆ ನೀರು ಹೀರ್ತಿದೆ ಅಂತ ಅರ್ಥ. ಬಣ್ಣ ಅದನ್ನ ಒಂದು ಮಳೆಗಾಲ ಮುಚ್ಚಿಡುತ್ತೆ, ಅಷ್ಟೇ. ನಲ್ಲಿ ಕೆಳಗೆ ಹತ್ತು ಲೀಟರ್ ಬಕೆಟ್ ಇಡಿ. ಒಂದು ನಿಮಿಷದಲ್ಲಿ ತುಂಬಿದರೆ ಪರವಾಗಿಲ್ಲ. ಮೂರು ನಿಮಿಷ ಹಿಡಿದರೆ ಪೈಪು ಒಳಗೆ ಕಟ್ಟಿಕೊಂಡಿರಬಹುದು, ಓನರನ್ನ ಕೇಳಿ.

ಮಗು ಇದೆ ಅಂದಿರಿ. ಹಳೆ ಮನೆಯ ಬಾಗಿಲು, ಕಿಟಕಿಯ ಬಣ್ಣ ಪದರ ಪದರವಾಗಿ ಏಳ್ತಿದ್ದರೆ ಹುಷಾರು. ಹಳೆ ಪೇಂಟಲ್ಲಿ ಸೀಸ ಇರಬಹುದು. ಅಮೆರಿಕದಲ್ಲಿ ಮನೆಗೆ ಅಂಥ ಪೇಂಟ್ ಹಚ್ಚೋದನ್ನ 1978ರಲ್ಲೇ ನಿಲ್ಲಿಸಿದರು. ಇಷ್ಟು ಸೀಸ ದೇಹಕ್ಕೆ ಹೋದರೆ ತೊಂದರೆ ಇಲ್ಲ ಅನ್ನೋ ಮಟ್ಟವೇ ಗೊತ್ತಿಲ್ಲ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಅದನ್ನ ಒಣಗಿದ ಹಾಗೇ ಉಜ್ಜಿ ತೆಗೆಸಬೇಡಿ, ಧೂಳೆಲ್ಲ ಮನೆ ತುಂಬಾ ಹರಡುತ್ತೆ.

ಸುಮ್ನೆ_ಓದ್ತೀನಿ
ಬೀರು ವಾಸನೆ ನೋಡೋದು! ಇಷ್ಟು ವರ್ಷ ಯಾರೂ ಹೇಳಿರಲಿಲ್ಲ. ಉಳಿಸಿಟ್ಟುಕೊಂಡೆ.

ಹಳೇಬೀದಿ
ನಾನು ನಿಮ್ಮ ಎರಡನೇ ಭಾಗದಂಥ ಬೀದಿಯಲ್ಲಿ ಇಪ್ಪತ್ತೆರಡು ವರ್ಷ ಬಾಡಿಗೆಗಿದ್ದೆ. ಒಂದೇ ಮನೆ. ಮಕ್ಕಳಿಬ್ಬರೂ ಅಲ್ಲೇ ಹುಟ್ಟಿ ಬೆಳೆದರು. ಮೂರು ವರ್ಷದ ಹಿಂದೆ ಓನರ್ ತೀರಿಕೊಂಡರು. ಅವರ ಮಕ್ಕಳು ಮಾರಿದರು. ತೊಂಬತ್ತು ದಿನ ಟೈಮ್ ಕೊಟ್ಟರು, ಅವರನ್ನ ನಾನು ಬೈಯಲ್ಲ. ಆದರೆ ಎಲ್ಲರೂ ‘ಏರಿಯಾ ಈಗ ಚೆನ್ನಾಗಾಗ್ತಿದೆ’ ಅನ್ನುವಾಗ ನನಗೆ ಹೊಟ್ಟೆ ಉರಿಯುತ್ತೆ. ನಾವಿದ್ದಾಗ ಚೆನ್ನಾಗಿರಲಿಲ್ವಾ? ಬೀದಿ ದೀಪ ಕೆಟ್ಟರೆ ಹತ್ತು ಸಲ ದೂರು ಕೊಟ್ಟು ಸರಿ ಮಾಡಿಸಿದವರು ನಾವು. ಈಗ ದೀಪ ತಾನೇ ತಾನಾಗಿ ಉರಿಯುತ್ತೆ, ನಾವಿಲ್ಲ.

ಗಂಟುಮೂಟೆ ಅವರೇ, ನಿಮ್ಮ ಮೇಲೆ ಸಿಟ್ಟಿಲ್ಲ. ನೀವು ಕೇಳಿದ್ದಕ್ಕೆ ಉತ್ತರ ಇಷ್ಟೇ: ಮನೆಯ ಓನರ್ ವಯಸ್ಸೆಷ್ಟು, ಮಕ್ಕಳು ಎಲ್ಲಿದ್ದಾರೆ, ಮನೆ ಎಷ್ಟು ಜನರ ಹೆಸರಲ್ಲಿದೆ ಅಂತ ವಿಚಾರಿಸಿ. ಇಂಥ ಏರಿಯಾದಲ್ಲಿ ಬಾಡಿಗೆಯವರು ಮನೆ ಬಿಡಬೇಕಾಗಿ ಬರೋದು ಜಾಸ್ತಿ ಈ ಕಾರಣಕ್ಕೇ.

ನಾಲ್ಕನೇ_ಮನೆ
ಅಣ್ಣ, ನೋವು ಅರ್ಥವಾಗುತ್ತೆ. ಆದರೆ ಹೊಸಬರು ಬಾಡಿಗೆಗೆ ಬಂದಿದ್ದಕ್ಕೆ ಹಳಬರು ಹೋಗಬೇಕಾಯ್ತು ಅನ್ನೋದು ಪೂರ್ತಿ ಸರಿಯಲ್ಲ. ಬಾಡಿಗೆ ನಿಗದಿ ಮಾಡೋದು ನಾವಲ್ಲ. ನಮಗೂ ಎಲ್ಲಾದರೂ ಇರಬೇಕಲ್ವಾ?

ಹಳೇಬೀದಿ
ನಾನು ಹಾಗಂದೆನಾ? ನೀವು ಬರಬೇಡಿ ಅಂತ ಯಾರೂ ಹೇಳ್ತಿಲ್ಲ. ಬಂದಾಗ ಕೇಳಿದ್ದಷ್ಟು ಕೊಡಬೇಡಿ. ನೀವು ಚೌಕಾಸಿ ಮಾಡದೆ ಒಪ್ಪಿಕೊಂಡ ಬಾಡಿಗೆ ನಾಳೆ ಪಕ್ಕದ ಮನೆಯವನಿಗೆ ‘ಬೀದಿಯ ರೇಟು’ ಆಗುತ್ತೆ.

ಗಂಟುಮೂಟೆ
ಹಳೇಬೀದಿ ಅಣ್ಣ, ನೀವು ಹೇಳಿದ್ದು ಮನಸ್ಸಿಗೆ ತಾಗಿತು. ನಮ್ಮನ್ನೂ ಈಗಿನ ಮನೆಯಿಂದ ಬಿಡಿಸ್ತಿರೋದು ಮಾರಾಟಕ್ಕೇ. ಅತ್ತೆ ಹಿತ್ತಲಲ್ಲಿ ನೆಟ್ಟ ದಾಸವಾಳ ಈಗ ಗೋಡೆ ಎತ್ತರ ಬಂದಿದೆ. ಅದನ್ನ ಏನು ಮಾಡೋದು ಅಂತ ದಿನಾ ಕೇಳ್ತಾರೆ. ಚೌಕಾಸಿ ಖಂಡಿತ ಮಾಡ್ತೀವಿ.

ರಾತ್ರಿಪಾಳಿ
ದಾಸವಾಳದ ಕಡ್ಡಿ ಕತ್ತರಿಸಿ ಕುಂಡದಲ್ಲಿ ನೆಡಿ ಅಕ್ಕ, ಈಗಲೇ. ಎರಡು ತಿಂಗಳಲ್ಲಿ ಬೇರು ಬಿಟ್ಟಿರುತ್ತೆ. ಪೂರ್ತಿ ಎಳೆಯದೂ ಅಲ್ಲ, ಪೂರ್ತಿ ಬಲಿತದ್ದೂ ಅಲ್ಲ, ನಡುವಿನ ಕಡ್ಡಿ ತಗೊಳ್ಳಿ. ಕೆಳಗಿನ ಎಲೆ ತೆಗೆದುಬಿಡಿ.

ನಗರಪಾಠ
ಚರ್ಚೆ ಒಳ್ಳೆ ಕಡೆ ಹೋಗ್ತಿದೆ. ನಾನು ನಗರ ಯೋಜನೆ ಪಾಠ ಮಾಡ್ತೀನಿ, ಸ್ವಲ್ಪ ಉದ್ದ ಬರೀತೀನಿ, ಕ್ಷಮಿಸಿ.

ಇದಕ್ಕೆ ಇಂಗ್ಲಿಷಿನಲ್ಲಿ ಜೆಂಟ್ರಿಫಿಕೇಷನ್ ಅಂತಾರೆ. ಆ ಪದ ತಂದವರು ರೂತ್ ಗ್ಲಾಸ್ ಅನ್ನೋ ಸಮಾಜಶಾಸ್ತ್ರಜ್ಞೆ, 1964ರಲ್ಲಿ. ಲಂಡನ್ನಿನಲ್ಲಿ ಕೂಲಿ ಕೆಲಸದವರು ಇದ್ದ ಬೀದಿಗಳಿಗೆ ಅನುಕೂಲಸ್ಥರು ಬಂದು, ಒಂದೊಂದೇ ಮನೆ ಕೊಂಡು ರಿಪೇರಿ ಮಾಡಿಸಿ, ಕಡೆಗೆ ಇಡೀ ಬೀದಿಯ ಚಹರೆಯೇ ಬದಲಾದದ್ದನ್ನ ನೋಡಿ ಹಾಗೆ ಕರೆದರು.

ಯಾಕೆ ಕೆಲವು ಬೀದಿ ಬದಲಾಗುತ್ತೆ, ಪಕ್ಕದ ಬೀದಿ ಹಾಗೇ ಉಳಿಯುತ್ತೆ? ನೀಲ್ ಸ್ಮಿತ್ ಅನ್ನೋ ಭೂಗೋಳ ತಜ್ಞ 1979ರಲ್ಲಿ ಕೊಟ್ಟ ವಿವರಣೆ ನನಗೆ ಇವತ್ತಿಗೂ ಸರಿ ಅನ್ನಿಸುತ್ತೆ. ಒಂದು ಜಾಗ ಈಗ ಎಷ್ಟು ದುಡ್ಡು ತರ್ತಿದೆ, ಬೇರೆ ಥರ ಬಳಸಿದರೆ ಎಷ್ಟು ತರಬಹುದು, ಇವೆರಡರ ನಡುವಿನ ಅಂತರ ದೊಡ್ಡದಾದಾಗ ಕಟ್ಟೋರು, ಕೊಳ್ಳೋರು ಆ ಕಡೆ ನುಗ್ಗುತ್ತಾರೆ. ನಿಮ್ಮ ಮೂರು ಭಾಗಕ್ಕೆ ಇದನ್ನ ಹೊಂದಿಸಿ ನೋಡಿ. ಸ್ಟೇಷನ್ ಕಡೆ ಆ ಅಂತರ ಬಹುಪಾಲು ತುಂಬಿಹೋಗಿದೆ. ಬಾಡಿಗೆ ಜಾಸ್ತಿ, ಆದರೆ ಇನ್ನು ಅಷ್ಟೊಂದು ಜಿಗಿಯಲಿಕ್ಕಿಲ್ಲ. ಹಳಿ ಆಚೆ ಅಂತರ ದೊಡ್ಡದಿದೆ. ಅಲ್ಲಿ ಇವತ್ತಿನ ಕಡಿಮೆ ಬಾಡಿಗೆ ನೋಡಿ ಲೆಕ್ಕ ಹಾಕಿದರೆ ಮೂರು ವರ್ಷದಲ್ಲಿ ಲೆಕ್ಕ ತಪ್ಪುತ್ತೆ. ನಡುವಿನ ಭಾಗದಲ್ಲಿ ಬೀದಿಗೊಂದು ಕಥೆ, ಕೆಲವೊಮ್ಮೆ ಮನೆಗೊಂದು ಕಥೆ.

ಇನ್ನೊಂದು, ಹಳಿ ಪಕ್ಕದಲ್ಲಿ ಪಾರ್ಕೋ ಹೊಸ ಸ್ಟೇಷನ್ನೋ ಬರುತ್ತಾ ವಿಚಾರಿಸಿ. ನ್ಯೂಯಾರ್ಕಿನಲ್ಲಿ 1934ರ ಒಂದು ಎತ್ತರದ ಗೂಡ್ಸ್ ಹಳಿ ಇತ್ತು. 1980ರಲ್ಲಿ ಕೊನೆಯ ಗಾಡಿ ಓಡಿತು, ಆಮೇಲೆ ಗಿಡಗಂಟಿ ಬೆಳೆದು ಪಾಳುಬಿತ್ತು. 2009ರಲ್ಲಿ ಅದರ ಮೊದಲ ಭಾಗವನ್ನ ಹೈ ಲೈನ್ ಅಂತ ಪಾರ್ಕು ಮಾಡಿ ತೆರೆದರು. ಸುತ್ತಲಿನ ಬೀದಿಗಳಲ್ಲಿ ಐಷಾರಾಮಿ ಕಟ್ಟಡಗಳು ಸಾಲಾಗಿ ಎದ್ದವು.

ಸುಮ್ನೆ_ಓದ್ತೀನಿ
ಸರ್, ಇದಕ್ಕೆ ಕನ್ನಡದಲ್ಲಿ ಏನಂತಾರೆ?

ನಗರಪಾಠ
‘ಕುಲೀನೀಕರಣ’ ಅಂತ ಬರೆಯೋರಿದ್ದಾರೆ. ನನಗೆ ಹಿಡಿಸಲ್ಲ. ಕೂಲಿ ಮಾಡೋರು ಕುಲೀನರಲ್ವಾ ಹಾಗಾದರೆ?

ನಾಲ್ಕನೇ_ಮನೆ
‘ಬಾಡಿಗೆ ಏರ್ತಿದೆ’ ಅಂದರೆ ಎಲ್ಲರಿಗೂ ಅರ್ಥ ಆಗುತ್ತೆ.

ಹಳೇಬೀದಿ
ಅದು ಅರ್ಧ ಮಾತ್ರ. ಬಾಡಿಗೆ ಏರೋದು ಬೇರೆ, ಇದ್ದ ಜನ ಚೆದುರಿಹೋಗೋದು ಬೇರೆ. ‘ಕಾಸಿದ್ದೋರ ಬೀದಿ ಆಯ್ತು’ ಅಂತ ನಮ್ಮ ಟೈಲರ್ ಅಂತಿದ್ದರು. ಅದಕ್ಕಿಂತ ಒಳ್ಳೆ ಕನ್ನಡ ನನಗೆ ಸಿಕ್ಕಿಲ್ಲ.

ಓನರ್_ಒಬ್ಬ
ಎಲ್ಲಾ ಓನರ್‌ಗಳನ್ನೂ ಒಂದೇ ತಕ್ಕಡಿಗೆ ಹಾಕಬೇಡಿ. ಇಂಥದೇ ಏರಿಯಾದಲ್ಲಿ ನಮ್ಮದು ಎರಡು ಮನೆ ಬಾಡಿಗೆಗಿದೆ. ಕೆಳಗಿನ ಮನೆಯವರು ಒಂಬತ್ತು ವರ್ಷದಿಂದ ಇದ್ದಾರೆ, ಬೀದಿಯ ರೇಟಿಗಿಂತ ಕಡಿಮೆ ಕೊಡ್ತಾರೆ. ನಾನು ಏರಿಸಲ್ಲ. ಧರ್ಮಕ್ಕಲ್ಲ, ಲೆಕ್ಕಕ್ಕೇ. ಮನೆ ಒಂದು ತಿಂಗಳು ಖಾಲಿ ಇದ್ದರೆ ವರ್ಷದ ಬಾಡಿಗೆಯಲ್ಲಿ ಶೇ 8ಕ್ಕಿಂತ ಜಾಸ್ತಿ ಹೋಯ್ತು. ಬ್ರೋಕರ್ ಕಮಿಷನ್, ಪೇಂಟು, ಹೊಸಬರು ಹೇಗಿರ್ತಾರೋ ಅನ್ನೋ ತಲೆಬಿಸಿ ಬೇರೆ.

ಚೌಕಾಸಿ ಮಾಡೋದಾದರೆ ಇದನ್ನ ಹಿಡ್ಕೊಳ್ಳಿ. ‘ಬಾಡಿಗೆ ಕಡಿಮೆ ಮಾಡಿ’ ಅಂತ ಬರೀ ಕೇಳಬೇಡಿ. ‘ನಾವು ಮೂರು ವರ್ಷ ಇರ್ತೀವಿ, ಮಗಳ ಶಾಲೆ ಇಲ್ಲೇ’ ಅಂತ ಹೇಳಿ. ಆ ಮಾತಿಗೆ ಓನರ್ ಹತ್ತಿರ ಬೆಲೆ ಇದೆ.

ಗಾಲಿಕುರ್ಚಿ
ಇಲ್ಲಿವರೆಗೂ ಯಾರೂ ಅತ್ತೆಯ ಮಂಡಿ ಬಗ್ಗೆ ಮಾತಾಡಿಲ್ಲ.

ನಾನು ಗಾಲಿಕುರ್ಚಿಯಲ್ಲಿ ಓಡಾಡೋದು. ಮ್ಯಾಪಲ್ಲಿ ‘ಸ್ಟೇಷನ್‌ಗೆ ಹತ್ತು ನಿಮಿಷ’ ಅಂತ ತೋರಿಸಿದರೆ ಅದು ಗಟ್ಟಿಮುಟ್ಟಾದವರು ಸಮತಟ್ಟು ರಸ್ತೆಯಲ್ಲಿ ನಡೆಯೋ ಹತ್ತು ನಿಮಿಷ. ಹಳಿ ದಾಟೋಕೆ ಏನಿದೆ? ಮೇಲುಸೇತುವೆಯಾದರೆ ಮೆಟ್ಟಿಲೆಷ್ಟು ಎಣಿಸಿ. ಲಿಫ್ಟ್ ಇದ್ದರೆ ಮೂರು ದಿನ ಬೇರೆ ಬೇರೆ ಹೊತ್ತಲ್ಲಿ ಹೋಗಿ ನಡೀತಿದೆಯಾ ನೋಡಿ. ಅಂಡರ್‌ಪಾಸಾದರೆ ಮಳೆ ಬಂದ ಮಾರನೇ ದಿನ ಹೋಗಿ.

ಹೊಸ ಕಟ್ಟಡದಲ್ಲಿ ರ‍್ಯಾಂಪ್ ಇದೆ ಅಂತ ತೋರಿಸ್ತಾರೆ. ಒಂದು ಅಡಿ ಎತ್ತರಕ್ಕೆ ಕಡಿಮೆ ಅಂದರೂ ಹನ್ನೆರಡು ಅಡಿ ಉದ್ದ ಇರಬೇಕು. ಅದಕ್ಕಿಂತ ಕಡಿದಾಗಿದ್ದರೆ ಅದು ಸ್ಕೂಟರ್ ಹತ್ತಿಸೋಕೆ ಮಾಡಿದ್ದು. ಹಳೆ ಮನೆಯಾದರೆ ಹೊಸ್ತಿಲ ಎತ್ತರ, ಬಚ್ಚಲಿಗೆ ಇಳಿಯೋ ಮೆಟ್ಟಿಲು, ಹಿಡ್ಕೊಳ್ಳೋಕೆ ಗೋಡೆಗೆ ಕಂಬಿ ಹಾಕಿಸಬಹುದಾ ಅಂತ ಕೇಳಿ. ಮನೆ ನೋಡೋಕೆ ಅತ್ತೆಯನ್ನೇ ಕರ್ಕೊಂಡು ಹೋಗಿ. ದಿನಾ ಅಲ್ಲಿ ಓಡಾಡಬೇಕಾದವರು ಅವರು.

ಗಂಟುಮೂಟೆ
ಗಾಲಿಕುರ್ಚಿ ಅವರೇ, ನಿಜ. ಅತ್ತೆಯನ್ನ ಮನೆಯಲ್ಲೇ ಬಿಟ್ಟು ನೋಡೋಕೆ ಹೋಗ್ತಿದ್ದೆವು. ತಪ್ಪಾಯ್ತು. ಭಾನುವಾರ ಎಲ್ಲರೂ ಹೋಗ್ತೀವಿ.

ಗಾರೆಕೆಲಸ
ಹೋದಾಗ ಕರೆಂಟ್ ಮೀಟರ್ ಬೋರ್ಡೂ ನೋಡಿ ಬನ್ನಿ. ಕಟ್ಟಡದಲ್ಲಿ ಎಷ್ಟು ಮನೆ ಇದೆ, ಎಷ್ಟರಲ್ಲಿ ಜನ ಇದ್ದಾರೆ ಅಂತ ಅದು ಹೇಳುತ್ತೆ.

ಗಂಟುಮೂಟೆ
ಹೋಗಿ ಬಂದೆವು. ಒಂದು ವಾರದಲ್ಲಿ ಏಳು ಮನೆ. ಉದ್ದ ಆಗುತ್ತೆ, ಓದಿ ಹೇಳಿ.

ಹಳಿ ಆಚೆಯ ಮನೆ ದೊಡ್ಡದು, ಗಾಳಿ ಬೆಳಕು ಚೆನ್ನಾಗಿದೆ. ಅತ್ತೆ ಮೇಲುಸೇತುವೆಯ ಮೆಟ್ಟಿಲು ಎಣಿಸಿಕೊಂಡೇ ಹತ್ತಿದರು. ನಲವತ್ತೆರಡು. ಮೂರು ಕಡೆ ನಿಂತರು. ಇಳಿದ ಮೇಲೆ ಏನೂ ಮಾತಾಡಲಿಲ್ಲ. ಮನೆಯೊಳಗೆ ಬಂದು ‘ಚೆನ್ನಾಗಿದೆ, ಆದರೆ ನಾನು ಮೊಮ್ಮಗಳನ್ನ ಶಾಲೆಯಿಂದ ಕರ್ಕೊಂಡು ಬರೋಕಾಗಲ್ಲ’ ಅಂದರು. ಅಲ್ಲಿಗೆ ಆ ಭಾಗ ಮುಗೀತು.

ಸ್ಟೇಷನ್ ಕಡೆ ಎರಡು ನೋಡಿದೆವು. ಗಾರೆಕೆಲಸ ಸರ್ ಹೇಳಿದ ಹಾಗೆ ಮೀಟರ್ ಬೋರ್ಡ್ ಹತ್ತಿರ ಹೋದೆ. ನಲವತ್ತು ಮೀಟರ್. ಅದರಲ್ಲಿ ಹದಿನಾರು ಅಲ್ಲಾಡ್ತಾನೇ ಇಲ್ಲ. ಸೆಕ್ಯುರಿಟಿಯವರನ್ನ ಕೇಳಿದರೆ, ಕೊಂಡು ಬೀಗ ಹಾಕಿ ಬಿಟ್ಟಿದ್ದಾರೆ ಅಂದರು. ಅಷ್ಟು ಮನೆ ಖಾಲಿ ಇಟ್ಟುಕೊಂಡು ಬಾಡಿಗೆ ಮಾತ್ರ ಒಂದು ಪೈಸೆ ಇಳಿಸಲ್ಲ. ರಾತ್ರಿ ಹತ್ತೂವರೆಗೆ ಹೋಗಿ ಕೆಳಗೆ ನಿಂತೆ. ಕೆಫೆ ಮುಚ್ಚಿ ಕುರ್ಚಿ ಎಳೀತಿದ್ದರು, ಅದಷ್ಟೇ ಸದ್ದು. ಅದು ಪರವಾಗಿಲ್ಲ. ಆದರೆ ಮೆಂಟೆನೆನ್ಸ್ ಸೇರಿಸಿದರೆ ನಮ್ಮ ಕೈಗೆ ಹತ್ತಲ್ಲ.

ನಡುವಿನ ಬೀದಿಗಳಲ್ಲಿ ನಾಲ್ಕು. ಒಂದರ ಪಕ್ಕ ಬೀಗ ಹಾಕಿದ ಒಂಟಿ ಮನೆ, ಕಿಟಕಿ ಕಿತ್ತಿದ್ದಾರೆ. ಬೇಡ ಅಂದೆ. ಇನ್ನೊಂದರಲ್ಲಿ ಬೀರುವಿಗೆ ತಲೆ ಹಾಕಿದೆ, ಆ ವಾಸನೆ ಬಂದೇ ಬಂತು. ಗೋಡೆ ಮಾತ್ರ ಹಾಲಿನ ಹಾಗೆ ಬೆಳ್ಳಗಿತ್ತು. ಮೂರನೆಯದು ಮೇಲಿನ ಮಹಡಿ. ನಾಲ್ಕನೆಯದು ನೆಲಮಹಡಿ. ಎಡಪಕ್ಕದ ಕಟ್ಟಡ ಹೋದ ವರ್ಷ ಮುಗಿದಿದೆ, ಬಲಪಕ್ಕ ಓನರ್ ತಂಗಿಯ ಮನೆ. ಬಕೆಟ್ ಎಪ್ಪತ್ತು ಸೆಕೆಂಡಲ್ಲಿ ತುಂಬಿತು. ಬಚ್ಚಲಿಗೆ ಮೆಟ್ಟಿಲಿಲ್ಲ. ಹೊಸ ಕಟ್ಟಡದ ನೆರಳಿಂದ ಮುಂದಿನ ಕೋಣೆಗೆ ಬೆಳಿಗ್ಗೆ ಬಿಸಿಲು ಬರಲ್ಲ, ಹಿಂದಿನ ಕೋಣೆಗೆ ಬರುತ್ತೆ. ಓನರ್ ಅಮ್ಮ ಒಬ್ಬರೇ, ಮೇಲೆ ಇದ್ದಾರೆ. ವಯಸ್ಸು ಎಪ್ಪತ್ತರ ಮೇಲೆ. ಇದೇ ಮನಸ್ಸಿಗೆ ಬಂದಿದೆ. ಆದರೆ ಹಳೇಬೀದಿ ಅಣ್ಣ ಹೇಳಿದ ಭಯ ಇದೇ ಅಲ್ವಾ?

ಹಳೇಬೀದಿ
ಅದೇ. ಆದರೂ ನನ್ನ ಕೇಳಿದರೆ ಇದೇ ಹಿಡೀರಿ ತಾಯಿ. ಇಪ್ಪತ್ತೆರಡು ವರ್ಷ ಇದ್ದದ್ದಕ್ಕೆ ನನಗೆ ಪಶ್ಚಾತ್ತಾಪ ಇಲ್ಲ. ಕಾಗದದಲ್ಲಿ ಬರೆಸಿಕೊಳ್ಳದೆ ಇದ್ದದ್ದಕ್ಕೆ ಇದೆ. ಮನೆ ಮಾರಿದರೂ ಅಗ್ರಿಮೆಂಟ್ ಮುಗಿಯೋವರೆಗೆ ಇರಬಹುದು ಅಂತ ಬರೆಸಿ. ಖಾಲಿ ಮಾಡಿ ಅಂತ ಹೇಳೋಕೆ ಎಷ್ಟು ತಿಂಗಳ ಮುಂಚೆ ನೋಟಿಸ್ ಕೊಡಬೇಕು ಅದನ್ನೂ ಬರೆಸಿ. ಮಕ್ಕಳಲ್ಲಿ ಒಬ್ಬರ ಸಹಿಯೂ ಇದ್ದರೆ ಒಳ್ಳೇದು.

ಓನರ್_ಒಬ್ಬ
ಮಕ್ಕಳ ಸಹಿ ಕೇಳಿದರೆ ಆ ಅಮ್ಮನಿಗೆ ಬೇಜಾರಾಗಬಹುದು. ನಾಜೂಕಾಗಿ ಕೇಳಿ. ‘ನಿಮಗೆ ಓಡಾಟ ಬೇಡ, ರಿಪೇರಿ ಗಿಪೇರಿಗೆ ಯಾರ ಹತ್ತಿರ ಮಾತಾಡಲಿ’ ಅಂತ ಶುರು ಮಾಡಿ.

ಹಳೇಬೀದಿ
ಬೇಜಾರಾಗುತ್ತೆ ಅಂತ ನಾನೂ ಕೇಳಿರಲಿಲ್ಲ ಸ್ವಾಮಿ. ಏನಾಯ್ತು ನೋಡಿದಿರಲ್ಲ.

ನಗರಪಾಠ
ಅಗ್ರಿಮೆಂಟಿನ ಪ್ರತಿ ಸಾಲೂ ಓದಿ. ಬರ್ಲಿನ್ ನಗರ 2020ರ ಫೆಬ್ರುವರಿಯಲ್ಲಿ ಬಾಡಿಗೆ ಏರಿಸದ ಹಾಗೆ ಕಾನೂನು ತಂದಿತ್ತು. ಆಗ ಕೆಲವು ಓನರ್‌ಗಳು ಒಂದೇ ಅಗ್ರಿಮೆಂಟಲ್ಲಿ ಎರಡು ಬಾಡಿಗೆ ಬರೆಸಿದರು. ಕಾನೂನು ಇರೋವರೆಗೆ ಇಷ್ಟು, ಬಿದ್ದುಹೋದರೆ ಇಷ್ಟು ಅಂತ. 2021ರ ಏಪ್ರಿಲ್‌ನಲ್ಲಿ ಕೋರ್ಟು ಆ ಕಾನೂನನ್ನ ರದ್ದು ಮಾಡಿತು. ಎಷ್ಟೋ ಜನ ಹಿಂದಿನ ತಿಂಗಳುಗಳ ವ್ಯತ್ಯಾಸವನ್ನೂ ಕಟ್ಟಬೇಕಾಯ್ತು. ಕಾನೂನು ಕಾಪಾಡುತ್ತೆ ಅಂತ ಸುಮ್ಮನಾಗಬೇಡಿ, ಕಾಗದದಲ್ಲಿ ಏನಿದೆ ನೋಡಿ.

ಕಿವಿಗೊಡಿ
ವರ್ಷಕ್ಕೆ ಎಷ್ಟು ಏರಿಕೆ ಅಂತ ಹೇಳಿದ್ದಾರೆ?

ಗಂಟುಮೂಟೆ
ಶೇ 10 ಅಂದಿದ್ದಾರೆ. ಎಲ್ಲಾ ಕಡೆ ಹಾಗೇ ಅಂತ ಬ್ರೋಕರ್ ಮಾತು.

ಕಿವಿಗೊಡಿ
ಇವತ್ತು 100 ಅಂತಿಟ್ಟುಕೊಳ್ಳಿ. ಶೇ 10ರಂತೆ ಐದು ಸಲ ಏರಿದರೆ 161. ಶೇ 5ರಂತೆ ಐದು ಸಲ ಏರಿದರೆ 128 ಕೂಡ ದಾಟಲ್ಲ. ಇವತ್ತಿನ ಬಾಡಿಗೆ ಇಳಿಸೋಕೆ ಜಗ್ಗಾಡೋದಕ್ಕಿಂತ ಈ ಸಂಖ್ಯೆ ಇಳಿಸೋಕೆ ಜಗ್ಗಾಡಿ.

ನಾಲ್ಕನೇ_ಮನೆ
ಇದಂತೂ ನೂರಕ್ಕೆ ನೂರು ಸರಿ. ರೈಲಿನ ವಿಷಯದಲ್ಲಿ ನಿಮ್ಮ ಜೊತೆ ಜಗಳ ಆಡಿದ್ದೆ, ಇದರಲ್ಲಿ ಇಲ್ಲ.

ಗಂಟುಮೂಟೆ
ಮಾತಾಡಿದೆವು. ಬ್ರೋಕರ್ ಇಲ್ಲದೆ, ನಾನು ಮತ್ತು ಅತ್ತೆ ಇಬ್ಬರೇ ಹೋಗಿದ್ದೆವು. ಅತ್ತೆಯೂ ಆ ಅಮ್ಮನೂ ಮೊದಲ ಅರ್ಧ ಗಂಟೆ ಬರೀ ಮಂಡಿನೋವಿನ ಮಾತೇ ಆಡಿದರು. ಆಮೇಲೆ ನಾನು ಮೂರು ವರ್ಷದ ವಿಷಯ ಎತ್ತಿದೆ. ಮೂರು ವರ್ಷಕ್ಕೆ ಅಗ್ರಿಮೆಂಟ್, ವರ್ಷಕ್ಕೆ ಶೇ 5, ಮಾರಿದರೂ ಅವಧಿ ಮುಗಿಯೋವರೆಗೆ ಇರಬಹುದು, ಆರು ತಿಂಗಳ ನೋಟಿಸ್. ಮಗನ ಸಹಿ ನಾನು ಕೇಳೋ ಮೊದಲೇ ಅವರೇ ‘ನನ್ನ ಮಗನೂ ಸಹಿ ಹಾಕಲಿ, ನಾಳೆ ನಿಮಗೆ ತೊಂದರೆ ಬೇಡ’ ಅಂದರು. ಬಾಡಿಗೆ ಮಾತ್ರ ಸ್ವಲ್ಪವೂ ಇಳಿಸಲಿಲ್ಲ. ಕಿಟಕಿಗಳ ಹಳೆ ಬಣ್ಣ ನೀರು ಹಾಕಿ ಉಜ್ಜಿಸಿ ಹೊಸದು ಬಳಿಸಿಕೊಡ್ತಾರೆ, ನಾವು ಬರೋ ಮೊದಲೇ.

ರಾತ್ರಿಪಾಳಿ
ಅಬ್ಬಾ, ಒಳ್ಳೇದಾಯ್ತು ಅಕ್ಕ. ದಾಸವಾಳ?

ಗಂಟುಮೂಟೆ
ಐದು ಕಡ್ಡಿ ನೆಟ್ಟೆವು. ಮೂರು ಚಿಗುರಿದೆ.

ಗಾರೆಕೆಲಸ
ಸಾಮಾನು ಸಾಗಿಸೋ ಮೊದಲು ಬೀದಿಯ ಅಗಲ ನೋಡಿ. ಹಳೆ ಬೀದಿಗಳಲ್ಲಿ ದೊಡ್ಡ ಲಾರಿ ತಿರುಗಲ್ಲ, ಮೂಲೆಯಿಂದ ಹೊತ್ತು ತರಬೇಕಾಗುತ್ತೆ. ಬಾಗಿಲನ್ನೂ ಅಳೀರಿ.

ಗಂಟುಮೂಟೆ
ಅಳೆದೆ ಸರ್. ಬಾಗಿಲು 28 ಇಂಚು. ಫ್ರಿಜ್ ಹೇಗೆ ತಿರುಗಿಸಿದರೂ 29.

ನಾಲ್ಕನೇ_ಮನೆ
ಫ್ರಿಜ್ಜಿನ ಬಾಗಿಲು ಕಳಚಿ, ಎರಡು ಮೂರು ಇಂಚು ಸಿಗುತ್ತೆ. ಸ್ಕ್ರೂಗಳನ್ನ ಒಂದು ಕವರಿಗೆ ಹಾಕಿ ಫ್ರಿಜ್ಜಿಗೇ ಅಂಟಿಸಿ.